ಬಾಡಿಗೆಯೋ ಸ್ವಂತವೋ: ಸಾಂಗಲಿಗೆ ಬಂದ ಮೇಲೆ ನಮ್ಮ ಮನೆಯ ಲೆಕ್ಕ

ಊರು ಬಿಟ್ಟು ಬಂದ ಕುಟುಂಬಕ್ಕೆ ನೆಂಟರು ಕೇಳುವ ಮೊದಲ ಪ್ರಶ್ನೆ, "ಮನಿ ತಗೊಂಡ್ರೇನು, ಬಾಡಿಗಿ ಅದೀರೇನು?" ಎಂಬುದು. ಕೆಲವರು ಕಾಳಜಿಯಿಂದ ಕೇಳುತ್ತಾರೆ, ಕೆಲವರು ಅಳೆಯಲು ಕೇಳುತ್ತಾರೆ. ನಾಲ್ಕು ವರ್ಷ ಈ ಪ್ರಶ್ನೆಗೆ ತಲೆ ತಗ್ಗಿಸಿ ಉತ್ತರ ಕೊಟ್ಟವರು ನಾವು. ನಮ್ಮಂತೆಯೇ ಹಳ್ಳಿ ಬಿಟ್ಟು ಸಾಂಗಲಿ, ಮಿರಜ, ಸೊಲ್ಲಾಪುರ, ಪುಣೆಗಳಿಗೆ ಹೊರಟಿರುವ ಸಮಾಜ ಬಾಂಧವರು ಬಹಳ ಇರುವುದರಿಂದ ನಮ್ಮ ಮನೆಯ ಲೆಕ್ಕವನ್ನು ಮುಚ್ಚಿಡದೆ ಬರೆಯುತ್ತಿದ್ದೇವೆ. ನಮ್ಮ ಓದು ಮ್ಯಾಟ್ರಿಕ್ ವರೆಗೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ನಾವು ಜತ್ತ ತಾಲೂಕಿನ ಪೂರ್ವ ಭಾಗದ ಕನ್ನಡ ಹಳ್ಳಿಯವರು. ಮೂರು ತಲೆಮಾರಿನಿಂದ ಕಿರಾಣಿ ಮತ್ತು ಕಾಳುಕಡಿ ವ್ಯಾಪಾರ. ಬರಗಾಲ ನಮಗೆ ಹೊಸದಲ್ಲ. ನಮ್ಮ ಮಕ್ಕಳು ಟ್ಯಾಂಕರಿನ ನೀರು ಕುಡಿದೇ ಬೆಳೆದವರು. ಮಗ ಬೇದಾಣಾ ವ್ಯಾಪಾರಕ್ಕೆ ಕೈ ಹಾಕಿದ ಮೇಲೆ ವಾರಕ್ಕೆ ನಾಲ್ಕು ದಿನ ಸಾಂಗಲಿ, ತಾಸಗಾವ ಎಂದು ಬಸ್ಸಿನಲ್ಲೇ ಕಳೆಯತೊಡಗಿದ. ಮೊಮ್ಮಕ್ಕಳ ಶಾಲೆಯ ಚಿಂತೆಯೂ ಇತ್ತು. ಕಡೆಗೆ 2018ರ ಬೇಸಿಗೆಯಲ್ಲಿ ಅವ್ವ, ನಾವಿಬ್ಬರು, ಮಗ-ಸೊಸೆ, ಎರಡು ಮಕ್ಕಳು, ಹೀಗೆ ಏಳು ಜನ ಸಾಂಗಲಿಗೆ ಬರುವುದೆಂದು ನಿರ್ಧಾರವಾಯಿತು.

ಮನೆ ಕೊಂಡುಬಿಡೋಣ ಎಂಬುದು ಮಗನ ಮಾತು, ನಮ್ಮದೂ ಅದೇ. ಮೂರು ತಲೆಮಾರು ಯಾರಿಗೂ ಬಾಡಿಗೆ ಕೊಟ್ಟು ಗೊತ್ತಿಲ್ಲದ ಮನೆತನ. ತಿಂಗಳು ತಿಂಗಳು ಕೊಟ್ಟ ಬಾಡಿಗೆ ನೀರಿಗೆ ಹಾಕಿದ ಹಾಗೆ, ಅದೇ ಹಣ ಕಂತಿಗೆ ಕಟ್ಟಿದರೆ ಮನೆ ನಮ್ಮದಾಗುತ್ತದೆ ಎಂದು ಎಲ್ಲರೂ ಹೇಳುವ ಲೆಕ್ಕವನ್ನೇ ನಾವೂ ಹೇಳುತ್ತಿದ್ದೆವು. ಅವ್ವನದು ಬೇರೆಯೇ ಭಯ. ಆಗ ಆಕೆಗೆ ಎಂಬತ್ತೊಂದು ವರ್ಷ. "ಪರರ ಮನ್ಯಾಗ ಸಾಯೂದು ಬ್ಯಾಡಪ್ಪಾ" ಎಂದಳು. ಅಷ್ಟು ಕೇಳಿದ ಮೇಲೆ ನಮಗೆ ಬೇರೆ ವಿಚಾರ ಉಳಿಯಲಿಲ್ಲ.

ದಲಾಲರೊಬ್ಬರು ಹಳೆಯ ಸಾಂಗಲಿಯಲ್ಲಿ ನೆಲಮಟ್ಟದ ಒಂದು ಮನೆ ತೋರಿಸಿದರು. ಬಸದಿ ಐದು ನಿಮಿಷದ ದಾರಿ, ಅವ್ವ ಕೋಲೂರಿಕೊಂಡು ನಡೆದು ಹೋಗಬಹುದು. ಪೇಟೆ ಹತ್ತಿರ. ಬೆಲೆ 31 ಲಕ್ಷ. ವಿಶ್ರಾಮಬಾಗದ ಕಡೆ ಅಷ್ಟೇ ದೊಡ್ಡ ಮನೆಗೆ ಇದಕ್ಕಿಂತ ಬಹಳ ಹೆಚ್ಚು ಕೇಳುತ್ತಿದ್ದರು. ಹೊಸ ಬಣ್ಣ, ಹೊಸ ಫರಸಿ. ನಾವು ಮುಂಗಡ ಕೊಡಲು ಐವತ್ತು ಸಾವಿರ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆವು.

ಮನೆಯಾಕೆ ಮಾತ್ರ ಗೋಡೆ ನೋಡುತ್ತಾ ನಿಂತಳು. ಹೊರಗೆ ಬಂದ ಮೇಲೆ ಕೇಳಿದಳು: "ನೋಡ್ರಿ, ಲೈಟಿನ ಮೀಟರು ಅಷ್ಟು ಎತ್ತರಕ್ಕ ಯಾಕ ಕೂಡಿಸ್ಯಾರ? ಸ್ವಿಚ್ಚು ಒತ್ತಾಕ ಸೊಸಿ ತುದಿಗಾಲ ಮ್ಯಾಲ ನಿಂದರಬೇಕು. ಕಾಳಿನ ಡಬ್ಬಿ ಎಲ್ಲಾ ಅಟ್ಟದ ಮ್ಯಾಲ ಅದಾವು." ನಾವು ನೋಡಿದ್ದೆವು, ಆದರೆ ಕಂಡಿರಲಿಲ್ಲ. ಓಣಿಯ ಎದುರು ಮನೆಯ ಮುದುಕಿಯನ್ನು ಕೇಳಿದರೆ ಆಕೆ ಮಾತೇ ಆಡದೆ ತನ್ನ ಎದೆಮಟ್ಟಕ್ಕೆ ಕೈ ಹಿಡಿದು ತೋರಿಸಿ, "ದೋನ್ ಹಜಾರ್ ಪಾಚ್" ಎಂದಳು. 2005ರ ಕೃಷ್ಣೆಯ ಮಹಾಪೂರ.

ದಲಾಲರು ನಕ್ಕರು. ಅಂಥ ನೀರು ನೂರು ವರ್ಷಕ್ಕೊಮ್ಮೆ ಬರುವುದು, 2005ರಲ್ಲಿ ಬಂದಾಯಿತು, ಇನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೆ ಬಂದರೆ ಬಂದೀತು ಎಂದರು. ಈ ಮಾತು ನಮಗೂ ಸರಿ ಎನಿಸಿತು. ಪಾಟಬಂಧಾರೆ ಕಚೇರಿಯ ಕೆಲಸ ಬಲ್ಲ ನಮ್ಮ ಅಳಿಯಂದಿರು ರಾತ್ರಿ ಫೋನಿನಲ್ಲಿ ತಿಳಿಸಿ ಹೇಳಿದರು. ಜಲಸಂಪನ್ಮೂಲ ಇಲಾಖೆಯವರು ನದಿಗೆ ಎರಡು ಪೂರರೇಖೆ ಎಳೆಯುತ್ತಾರೆ. ನೀಲಿ ರೇಖೆ ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೀರಿನದು, ಕೆಂಪು ರೇಖೆ ನೂರು ವರ್ಷಕ್ಕೊಮ್ಮೆಯದು. ಇದರ ಅರ್ಥ ಒಮ್ಮೆ ಬಂದರೆ ನೂರು ವರ್ಷ ರಜೆ ಎಂದಲ್ಲ. ಕೆಂಪು ರೇಖೆಯ ಮೇಲಿನ ಮನೆಗೆ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಅಪಾಯ; ಮೂವತ್ತು ವರ್ಷ ಇದ್ದರೆ ನಾಲ್ಕರಲ್ಲಿ ಒಂದು ಪಾಲು. ನೀಲಿ ರೇಖೆಯ ಮೇಲಿದ್ದರೆ ಮೂವತ್ತು ವರ್ಷದಲ್ಲಿ ನೂರಕ್ಕೆ ಎಪ್ಪತ್ತು. ವ್ಯಾಪಾರಿಯಾಗಿ ಕೇಳುತ್ತೇವೆ, ಇಂಥ ಸರಕನ್ನು ಯಾರಾದರೂ ಸಾಲ ಮಾಡಿ ಕೊಳ್ಳುತ್ತಾರೆಯೇ? ನಾವು ಕೊಳ್ಳುವವರಿದ್ದೆವು!

"ಈ ಊರು ಬ್ಯಾಸಗಿಯೊಳಗ ನೋಡೀವಿ. ಒಂದು ಮಳಿಗಾಲ ನೋಡೂಣು, ಅಲ್ಲೀತನಕ ಬಾಡಿಗಿ ಇರೂಣು" ಎಂದಳು ಮನೆಯಾಕೆ. ಅವ್ವ ಎರಡು ದಿನ ಮಾತು ಬಿಟ್ಟಳು. ಮಗನೂ ಮುಖ ಊದಿಸಿಕೊಂಡ.

ಮಗನನ್ನು ಒಪ್ಪಿಸಿದ್ದು ಬ್ಯಾಂಕಿನ ಕಾಗದ. ನಮ್ಮ ಕೈಯಲ್ಲಿ 11 ಲಕ್ಷ ಇತ್ತು, 20 ಲಕ್ಷ ಸಾಲ ಬೇಕಿತ್ತು. ಶೇಕಡಾ ಎಂಟೂವರೆ ಬಡ್ಡಿ, ಇಪ್ಪತ್ತು ವರ್ಷದ ಮುದ್ದತು. ತಿಂಗಳ ಕಂತು 17,356 ರೂಪಾಯಿ. ಮೊದಲ ಕಂತಿನಲ್ಲಿ 14,167 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು ಮೂರು ಸಾವಿರದ ಚಿಲ್ಲರೆ. ಇಡೀ ಮೊದಲ ವರ್ಷ ಎರಡು ಲಕ್ಷ ಎಂಟು ಸಾವಿರ ಕಟ್ಟಿದರೂ ಅಸಲಿಗೆ ಸೇರುವುದು ಸುಮಾರು 40 ಸಾವಿರ. ಅದೇ ಓಣಿಗಳಲ್ಲಿ ಮೊದಲ ಮಹಡಿಯ ಮನೆ ತಿಂಗಳಿಗೆ 8 ಸಾವಿರಕ್ಕೆ ಸಿಗುತ್ತಿತ್ತು, ವರ್ಷಕ್ಕೆ 96 ಸಾವಿರ. ಬಾಡಿಗೆ ನೀರಿಗೆ ಹಾಕಿದ ಹಣವಾದರೆ ಒಂದು ಲಕ್ಷ ಅರವತ್ತೆಂಟು ಸಾವಿರದ ಬಡ್ಡಿ ಎಲ್ಲಿಗೆ ಹಾಕಿದ್ದು? ಅದರ ಮೇಲೆ ಮುದ್ರಾಂಕ ಶುಲ್ಕ ಶೇಕಡಾ ಆರು, ನೋಂದಣಿಗೆ 30 ಸಾವಿರ. ಎರಡು ಲಕ್ಷಕ್ಕೂ ಮಿಕ್ಕಿ ಮೊದಲ ದಿನವೇ ಹೋಗುತ್ತದೆ, ಎರಡು ವರ್ಷಕ್ಕೆ ಮನೆ ಬಿಟ್ಟರೆ ಮರಳಿ ಬರುವುದಿಲ್ಲ. ಊರ ಮನೆ ಮಾರಿ ಸಾಲ ಕಡಿಮೆ ಮಾಡೋಣವೆಂದರೆ ಅದು ಗಾವಠಾಣದ ಮನೆ, ಗ್ರಾಮಪಂಚಾಯತಿಯ ನಮೂನೆ 8ರ ಉತಾರೆ ಬಿಟ್ಟು ಬೇರೆ ಕಾಗದವಿಲ್ಲ, ಬಂದ ಬೆಲೆಗೆ ಕೊಡಬೇಕು. ತಮ್ಮಂದಿರ ಪಾಲೂ ಅದರಲ್ಲಿದೆ. ಅದನ್ನು ಮುಟ್ಟಲಿಲ್ಲ. ಮುಂದಿನ ಅಂಗಡಿ ಕೋಣೆಯನ್ನು ಬಾಡಿಗೆಗೆ ಕೊಟ್ಟು ಬಂದೆವು.

ಇನ್ನೊಬ್ಬರು ಊರ ಹೊರಗೆ ಎರಡು ಗುಂಟೆ ಜಾಗ ಅಗ್ಗಕ್ಕೆ ಕೊಡುತ್ತೇವೆಂದರು. ಬಿನಶೇತಿ ಆಗದ ಹೊಲವನ್ನು ಗುಂಟೆ ಗುಂಟೆಯಾಗಿ ಕತ್ತರಿಸಿ ಮಾರಿದ್ದು. ಇದಕ್ಕೆ ಗುಂಠೇವಾರಿ ಎನ್ನುತ್ತಾರೆ. 2001ರ ಕಾಯದೆ ಹಳೆಯವುಗಳನ್ನು ಸಕ್ರಮ ಮಾಡಲು ಬಂದದ್ದು, ಹೊಸದಾಗಿ ಕತ್ತರಿಸಲು ಅಲ್ಲ. ಬ್ಯಾಂಕಿನವರು ಕಾಗದ ನೋಡಿ ತಲೆಯಾಡಿಸಿದರು, ನಾವು ಅಲ್ಲಿಗೇ ಬಿಟ್ಟೆವು.

ಬಾಡಿಗೆ ಮನೆ ನಮಗೆ ಬೇಗ ಸಿಕ್ಕಿತು. ಜೈನರೆಂದರೆ ಮಾಲಕರು ಹಿಂದೆಮುಂದೆ ನೋಡುವುದಿಲ್ಲ. ಮೊದಲು ಹಿಗ್ಗಿದೆವು. ನಮಗಿಂತ ಮೊದಲು ಅದೇ ಮನೆ ಕೇಳಲು ಬಂದಿದ್ದ ಬಡ ಮಾಸ್ತರರನ್ನು ಜಾತಿ ಕೇಳಿಯೇ ಕಳಿಸಿದ್ದರೆಂದು ಆಮೇಲೆ ತಿಳಿದು ಆ ಹಿಗ್ಗು ಇಳಿಯಿತು.

ಕರಾರಿನ ಬಗ್ಗೆ ಒಂದು ಮಾತು. ಹನ್ನೊಂದು ತಿಂಗಳ ಕಾಗದವಾದರೆ ನೋಂದಣಿ ಬೇಡ ಎಂಬ ನಂಬಿಕೆ ಎಲ್ಲ ಕಡೆ ಇದೆ. ಮಹಾರಾಷ್ಟ್ರದಲ್ಲಿ ಹಾಗಿಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯದೆಯ ಪ್ರಕಾರ ಪ್ರತಿ ಬಾಡಿಗೆ ಕರಾರೂ ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ನೋಂದಾಯಿಸುವ ಹೊಣೆ ಮಾಲಕನದು. ನೋಂದಣಿ ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ, ಮಾಲಕ ಬೇರೆ ಸಾಬೀತು ಮಾಡುವ ತನಕ. ಹಾಗೆಯೇ ಮುದ್ದತು ಮುಗಿದ ಮೇಲೆ ಮನೆ ಬಿಡದೆ ಕೂತರೆ ದುಪ್ಪಟ್ಟು ಬಾಡಿಗೆ ಬೀಳಬಹುದು. ನಮ್ಮ ಮಾಲಕರು ನೋಂದಣಿಗೆ ಮನಸ್ಸು ಮಾಡಲಿಲ್ಲ. ಖರ್ಚಿನಲ್ಲಿ ಅರ್ಧ ನಾವು ಕೊಡುತ್ತೇವೆಂದ ಮೇಲೆ ಬಂದರು. ಅನಾಮತು ಐವತ್ತು ಸಾವಿರವೆಂದು ಕಾಗದದಲ್ಲಿ ಬಂತು.

2018ರ ಮಳೆಗಾಲ ಸುಮ್ಮನೆ ಹೋಯಿತು. ಮಗ ದಿನಕ್ಕೊಮ್ಮೆ ಆ ಮನೆಯ ಮುಂದೆ ಹಾಯ್ದು ಬಂದು, "ಅಪ್ಪಾ, ಒಂದು ಹನಿ ನೀರು ಇಲ್ಲ ನೋಡು" ಎನ್ನುತ್ತಿದ್ದ. ದೀಪಾವಳಿಗೆ ಅದು ಮಾರಾಟವಾಯಿತು. ಕೊಂಡವರು ಅಕ್ಕಲಕೋಟೆ ಕಡೆಯವರು, ಬಸದಿಯಲ್ಲಿ ಗುರುತಾದವರು. ಕೊಳ್ಳುವ ಮೊದಲು ನಮ್ಮನ್ನು ಕೇಳಿದ್ದರು: "ಅಣ್ಣಾ, ನೀವು ನೋಡಿದ ಮನಿ ಅಂತಲ್ಲ, ಹೆಂಗ ಐತ್ರಿ?" ದಲಾಲರು ಮಾತು ಹೊರಗೆ ಹಾಕಬೇಡಿ ಎಂದಿದ್ದರು, ಅವರ ಕೂಡ ನಮ್ಮ ವ್ಯವಹಾರವೂ ಇತ್ತು. "ಮನಿ ಛಲೋ ಐತಿ, ನಮಗ ಹೊಂದಲಿಲ್ಲ" ಎಂದೆವು. ಮೀಟರಿನ ವಿಷಯ ಹೇಳಲಿಲ್ಲ.

2019ರ ಆಗಸ್ಟ್ ಮೊದಲ ವಾರ ಕೊಯ್ನಾ, ವಾರಣಾ ಕಡೆ ಮಳೆ ನಿಲ್ಲಲೇ ಇಲ್ಲ. ಸಾಂಗಲಿಯಲ್ಲಿ ಎಲ್ಲರೂ ಕೇಳುವುದು ಆಯರ್ವಿನ್ ಸೇತುವೆಯ ಬಳಿ ನೀರೆಷ್ಟು ಎಂದು. 1929ರ ಸೇತುವೆ ಅದು. ಅಲ್ಲಿ 45 ಅಡಿ ಅಪಾಯದ ಮಟ್ಟ; ಆ ವರ್ಷ 57 ಅಡಿ ದಾಟಿತು. ಗಾವಭಾಗ, ಖಣಭಾಗ, ಮಾರುತಿ ಚೌಕ, ಎಲ್ಲವೂ ನದಿಯೇ. ಇದಕ್ಕೆ ಆಲಮಟ್ಟಿಯ ಹಿನ್ನೀರು ಕಾರಣವೋ ಅಲ್ಲವೋ ಎಂಬ ವಾದ ಇಂದಿಗೂ ಮುಗಿದಿಲ್ಲ, ಅದು ಇಲ್ಲಿ ಬೇಡ. ನಮ್ಮ ಮೆಟ್ಟಿಲುಗಳು ಒಂದೊಂದಾಗಿ ಮುಳುಗುವುದನ್ನು ಎಣಿಸುತ್ತ ಎರಡು ರಾತ್ರಿ ಕೂತೆವು. ಕರೆಂಟಿಲ್ಲ. ಕತ್ತಲಾಗುವ ಮೊದಲೇ ಉಣ್ಣುವ ರೂಢಿ ಇದ್ದದ್ದು ಆಗ ಅನುಕೂಲವಾಯಿತು. ಮೂರನೆಯ ದಿನ ಅವ್ವನನ್ನು ಕುರ್ಚಿಯಲ್ಲಿ ಕೂಡಿಸಿ ದೋಣಿಗೆ ಇಳಿಸಿದರು. ಆಕೆ ಹುಟ್ಟಿ ಬೆಳೆದದ್ದು ಕೊಡ ನೀರಿಗೆ ಮೈಲು ನಡೆಯುವ ಊರಿನಲ್ಲಿ, ದೋಣಿಯಲ್ಲಿ ಕೂತು ಇಷ್ಟೇ ಅಂದಳು: "ಇಷ್ಟು ನೀರು ನಮ್ಮ ಊರಾಗ ಯಾಕ ಬರಲಿಲ್ಲೋ."

ಆ ಮನೆಯಲ್ಲಿ ನೀರು ಅಟ್ಟ ಮುಟ್ಟಿತ್ತು. ಎತ್ತರದ ಮೀಟರೂ ಉಳಿಯಲಿಲ್ಲ.

ಹರಿಪುರದಲ್ಲಿ ಅರಿಸಿನ ಇಡುವ ನೆಲದೊಳಗಿನ ಹಗೇವುಗಳಿದ್ದವು. ವರ್ಷಗಟ್ಟಲೆ ಸರಕು ಕೆಡದೆ ಉಳಿಯುತ್ತಿತ್ತು. ತಲೆಮಾರುಗಳಿಂದ ನೆಲದ ಗುಣ ಬಲ್ಲ ಅಡತಿಯವರ ಆ ಹಗೇವುಗಳಿಗೂ 2005ರಲ್ಲಿ ನೀರು ನುಗ್ಗಿತ್ತು. ಹಾಗಿರುವಾಗ ಅಕ್ಕಲಕೋಟೆಯ ಒಬ್ಬ ಗೃಹಸ್ಥರಿಗೆ ಏನು ತಿಳಿಯಬೇಕು? ತಿಳಿದ ನಾವು ಹೇಳಿರಲಿಲ್ಲ.

ನೀರಿಳಿದ ಮೇಲೆ ನಾವು ಕೀಲಿ ಮರಳಿ ಕೊಟ್ಟೆವು. ಮಾಲಕರು ಆಗಸ್ಟಿನ ಬಾಡಿಗೆ ಬಿಟ್ಟು ಅನಾಮತು ಪೂರ್ತಿ ಕೊಟ್ಟರು. ಒಂದು ಟೆಂಪೋದಲ್ಲಿ ಸಾಮಾನು ಹೇರಿ ಸೆಪ್ಟೆಂಬರಿಗೆ ವಿಶ್ರಾಮಬಾಗದ ಕಡೆ ಎತ್ತರದ ನೆಲದಲ್ಲಿ 11 ಸಾವಿರದ ಮನೆ ಹಿಡಿದೆವು. ಅವರು ಮೊಣಕಾಲಮಟ ಕೆಸರು ತೆಗೆಯುತ್ತಿದ್ದರು. ಕಂತು ನಿಲ್ಲಲಿಲ್ಲ. ಮಾರಬೇಕೆಂದರೆ ಕೇಳುವವರಿಲ್ಲ. ನಾವು ಒಂದು ದಿನ ಬುಟ್ಟಿ ಹಿಡಿದು ಕೆಸರು ಹೊತ್ತೆವು, ಅಷ್ಟೇ.

ಕಾಯ್ದದ್ದರಿಂದ ಎಲ್ಲವೂ ಲಾಭವೇ ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಪೂರದ ನಂತರ ಎಲ್ಲರೂ ಎತ್ತರದ ನೆಲವನ್ನೇ ಕೇಳತೊಡಗಿದರು, ಬೆಲೆ ಏರಿತು. 2020ರ ಸೆಪ್ಟೆಂಬರಿನಿಂದ ಡಿಸೆಂಬರ ವರೆಗೆ ಸರಕಾರ ಮುದ್ರಾಂಕ ಶುಲ್ಕದಲ್ಲಿ ಶೇಕಡಾ ಮೂರು ಇಳಿಸಿತ್ತು. ಕೊರೊನಾದಲ್ಲಿ ಮಗನ ಹಣ ಕೋಲ್ಡ್ ಸ್ಟೋರೇಜಿನ ಬೇದಾಣಾದಲ್ಲಿ ಸಿಕ್ಕಿಕೊಂಡಿದ್ದರಿಂದ ಆ ಅವಕಾಶ ತಪ್ಪಿತು. 2021ರ ಫೆಬ್ರುವರಿಯಲ್ಲಿ ಅವ್ವ ಹೋದಳು, ತಾನು ಅಂಜಿದಂತೆ ಬಾಡಿಗೆ ಮನೆಯಲ್ಲೇ. ಆ ರಾತ್ರಿ ಮಾಲಕರ ಹೆಂಡತಿ ಬೆಳಗಿನ ತನಕ ಮನೆಯಾಕೆಯ ಪಕ್ಕ ಕೂತಿದ್ದರು. ಬಂದ ನೆಂಟರಿಗೆ ತಮ್ಮ ಕೆಳಗಿನ ಪಡಸಾಲೆ ಬಿಟ್ಟುಕೊಟ್ಟರು. ಆದರೂ ಅವ್ವನ ಮಾತು ನಡೆಸಲಾಗಲಿಲ್ಲ ಎಂಬುದು ಮನಸ್ಸಿನಲ್ಲಿ ಉಳಿದಿದೆ. ಅದಕ್ಕೆ ಯಾವ ಖಾತೆಯಲ್ಲೂ ಜಮಾ ಇಲ್ಲ.

2021ರ ಜುಲೈಯಲ್ಲಿ ಕೃಷ್ಣೆ ಮತ್ತೆ ಊರೊಳಗೆ ಬಂದಳು. ನಮ್ಮ ಓಣಿಗೆ ಬರಲಿಲ್ಲ. ಎರಡು ವರ್ಷ ಅಲ್ಲೇ ಇದ್ದು, ನೀರು, ನೆರೆ, ಗಟಾರು ಎಲ್ಲ ನೋಡಿದ ಮೇಲೆ 2022ರ ಏಪ್ರಿಲ್‌ನಲ್ಲಿ ಅದೇ ಓಣಿಯ ಎರಡನೆಯ ಮಹಡಿಯ ಮನೆ 47 ಲಕ್ಷಕ್ಕೆ ಕೊಂಡೆವು. ವಕೀಲರಿಂದ ಮೂವತ್ತು ವರ್ಷದ ಕಾಗದಪತ್ರ ತೆಗೆಸಿ ನೋಡಿದೆವು, ಭೋಗವಟಾ ಪತ್ರ ಕೇಳಿ ಪಡೆದೆವು. ಹೆಂಗಸರ ಹೆಸರಿಗೆ ಕೊಂಡರೆ ಮುದ್ರಾಂಕದಲ್ಲಿ ಶೇಕಡಾ ಒಂದು ರಿಯಾಯಿತಿ ಇರುವುದರಿಂದ ಅತ್ತೆ-ಸೊಸೆಯರ ಹೆಸರಿಗೆ ಬರೆಸಿದೆವು. 47 ಸಾವಿರ ಉಳಿಯಿತು. ಮೀಟರು ನೋಡಿದವಳ ಹೆಸರಿಗೇ ಮನೆಯಾದದ್ದು ಸರಿಯೇ. ಭಾರತ ಗೃಹ ರಕ್ಷಾ ವಿಮೆಯನ್ನೂ ಮಾಡಿಸಿದೆವು, ಅದರಲ್ಲಿ ಪೂರದ ನಷ್ಟವೂ ಸೇರುತ್ತದೆ. ನಲವತ್ತಾರು ತಿಂಗಳಲ್ಲಿ ಕೊಟ್ಟ ಬಾಡಿಗೆ ಒಟ್ಟು 4,64,000 ರೂಪಾಯಿ. ಕಿರ್ದಿಯಲ್ಲಿ ಅದನ್ನು ಮನೆಯ ಖರೀದಿ ಖರ್ಚಿಗೇ ಸೇರಿಸಿ ಬರೆದಿದ್ದೇವೆ.

ಗೃಹಪ್ರವೇಶಕ್ಕೆ ಅಕ್ಕಲಕೋಟೆಯವರೂ ಬಂದಿದ್ದರು. ಊಟವಾದ ಮೇಲೆ ಅವರನ್ನು ಒಳಕೋಣೆಗೆ ಕರೆದು ಮೀಟರಿನ ವಿಷಯ, ಮುದುಕಿಯ ಕೈ, ದಲಾಲರ ಮಾತು ಎಲ್ಲವನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. "ಆವಾಗ ಹೇಳಿದ್ರ ಕೇಳ್ತಿದ್ನೋ ಇಲ್ಲೋ ಗೊತ್ತಿಲ್ರಿ ಅಣ್ಣಾ. ಆದರ ಹೇಳಬೇಕಾಗಿತ್ತು" ಎಂದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಜುಲೈ-ಆಗಸ್ಟ್ ಎರಡು ತಿಂಗಳ ಮಟ್ಟಿಗೆ ಈ ಕಡೆ ಒಂದು ಕೋಣೆ ಬಾಡಿಗೆಗೆ ಸಿಕ್ಕೀತೇ ನೋಡಿರಿ ಎಂದು ಕೇಳಿದರು. ಅಂದಿನಿಂದ ಪ್ರತಿ ವರ್ಷ ಮೇ ತಿಂಗಳಲ್ಲಿ ಆ ಕೋಣೆ ಹುಡುಕಿ ಕೊಡುವುದು ನಮ್ಮ ಕೆಲಸವಾಗಿದೆ.