ಪೇಟ್ರಿಯಟ್ ಲೆಕ್ಕ ತಪ್ಪಿದ್ದೆಲ್ಲಿ?

ಎರಗಿ ಬರುವ ಕ್ಷಿಪಣಿಯೊಂದಕ್ಕೆ ಎದುರಾಗಿ ಸಾಮಾನ್ಯವಾಗಿ ಎರಡು ಕ್ಷಿಪಣಿ ಹಾರಿಸುತ್ತಾರೆ. ಇದರ ಹಿಂದಿರುವುದು ಪಿಯುಸಿ ಮಟ್ಟದ ಸಂಭವನೀಯತೆ. ಒಂದು ಕ್ಷಿಪಣಿ ಗುರಿ ತಪ್ಪುವ ಸಾಧ್ಯತೆ 0.3 ಎಂದಿಟ್ಟುಕೊಳ್ಳಿ. ಎರಡೂ ತಪ್ಪುವ ಸಾಧ್ಯತೆ 0.3 × 0.3, ಅಂದರೆ 0.09. ಶೇ 70ರಷ್ಟಿದ್ದ ರಕ್ಷಣೆ ಒಮ್ಮೆಲೇ ಶೇ 91ಕ್ಕೆ ಏರಿತು! ಮೂರು ಹಾರಿಸಿದರೆ ಶೇ 97 ದಾಟುತ್ತದೆ.

ಆದರೆ ಹೀಗೆ ಗುಣಿಸಬೇಕಾದರೆ ಒಂದರ ವೈಫಲ್ಯಕ್ಕೂ ಇನ್ನೊಂದರ ವೈಫಲ್ಯಕ್ಕೂ ನಂಟಿರಬಾರದು. ಕೊಲ್ಲಿ ಯುದ್ಧದ ವೇಳೆ, 1991ರ ಫೆಬ್ರುವರಿ 25ರ ರಾತ್ರಿ, ಸೌದಿ ಅರೇಬಿಯಾದ ದಹರಾನ್‌ನಲ್ಲಿ ಆ ಷರತ್ತೇ ಮುರಿದುಬಿತ್ತು. ಅಲ್ಲಿದ್ದ ಅಮೆರಿಕದ ಕ್ಷಿಪಣಿ ನಿರೋಧಕ ವ್ಯವಸ್ಥೆ ಪೇಟ್ರಿಯಟ್‌ನ ಕಂಪ್ಯೂಟರ್ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ದಶಮಾಂಶದಲ್ಲಿ ಮೂರನೇ ಒಂದು ಭಾಗ ಬರೆದರೆ 0.333 ಎಂದು ಮುಗಿಯದೆ ಸಾಗುತ್ತದಲ್ಲ, ದ್ವಿಮಾನದಲ್ಲಿ ಹತ್ತನೇ ಒಂದು ಭಾಗದ ಕಥೆಯೂ ಅದೇ. 24 ಬಿಟ್‌ಗಳಿಗೆ ಕತ್ತರಿಸಿದಾಗ ಪ್ರತಿ ಎಣಿಕೆಗೂ 0.000000095 ಸೆಕೆಂಡು ಸೋರಿಹೋಗುತ್ತಿತ್ತು. ಯಂತ್ರ 100 ಗಂಟೆಗಿಂತ ಹೆಚ್ಚು ಕಾಲ ನಿಲ್ಲದೆ ಓಡಿತ್ತು. 36 ಲಕ್ಷ ಎಣಿಕೆಗಳಿಗೆ ಸುಮಾರು 0.34 ಸೆಕೆಂಡಿನ ವ್ಯತ್ಯಾಸ. ಅಷ್ಟರಲ್ಲಿ ಇರಾಕ್ ಹಾರಿಸುತ್ತಿದ್ದ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ರೇಡಾರ್ ಹುಡುಕಿದ ಜಾಗದಲ್ಲಿ ಏನೂ ಇರಲಿಲ್ಲ; ಹಾಗಾಗಿ ಪೇಟ್ರಿಯಟ್ ಹಾರಲೇ ಇಲ್ಲ. ಅಮೆರಿಕದ ಸೈನಿಕರು ತಂಗಿದ್ದ ಗೋದಾಮಿನ ಮೇಲೆ ಸ್ಕಡ್ ಬಿತ್ತು, 28 ಮಂದಿ ಸತ್ತರು. ಇನ್ನೂ ಹತ್ತು ಕ್ಷಿಪಣಿ ಸಜ್ಜಾಗಿ ನಿಂತಿದ್ದರೂ ಅವೆಲ್ಲ ನಂಬಬೇಕಾಗಿದ್ದುದು ಅದೇ ಗಡಿಯಾರವನ್ನು.

ಹೊಟ್ಟೆ ಉರಿಸುವ ಸಂಗತಿಯೆಂದರೆ, ದೀರ್ಘಕಾಲ ಓಡಿಸಿದರೆ ಲೆಕ್ಕ ಜಾರುತ್ತದೆಂಬುದನ್ನು ಪೇಟ್ರಿಯಟ್ ಬಳಸುತ್ತಿದ್ದ ಇಸ್ರೇಲಿಗಳು ಎರಡು ವಾರ ಮೊದಲೇ ತಿಳಿಸಿದ್ದರು. ಯಂತ್ರವನ್ನು ಆಗಾಗ ಆಫ್ ಮಾಡಿ ಆನ್ ಮಾಡಿದ್ದರೂ ಸಾಕಿತ್ತು. ಅಮೆರಿಕದ ಸೇನೆ ಎಚ್ಚರಿಕೆ ಕಳಿಸಿತು ನಿಜ, ಆದರೆ ದೀರ್ಘಕಾಲವೆಂದರೆ ಎಷ್ಟು ಗಂಟೆ ಎಂದು ಅದರಲ್ಲಿ ಬರೆದಿರಲಿಲ್ಲ. ತಿದ್ದಿದ ಸಾಫ್ಟ್‌ವೇರ್ ದಹರಾನ್ ತಲುಪಿದ್ದು 26ರಂದು.

ಇನ್ನು ಸೂತ್ರಕ್ಕೆ ಹಾಕುವ ಮೊದಲ ಅಂಕಿಯ, ಅಂದರೆ ಒಂದು ಕ್ಷಿಪಣಿ ಗುರಿ ತಪ್ಪುವ ಸಾಧ್ಯತೆಯ ವಿಚಾರ. ಎದುರಿಸಿದ 42 ಸ್ಕಡ್‌ಗಳಲ್ಲಿ 41ನ್ನು ತಡೆದೆವೆಂದು ಅಮೆರಿಕದ ಅಧ್ಯಕ್ಷ ಬುಷ್ ಯುದ್ಧದ ನಡುವೆಯೇ ಘೋಷಿಸಿದ್ದರು. ಎಂಐಟಿಯ ಥಿಯೊಡೋರ್ ಪೋಸ್ಟಲ್ ಟಿವಿ ದೃಶ್ಯಗಳನ್ನು ಫ್ರೇಮ್ ಫ್ರೇಮಾಗಿ ನೋಡಿ, ಯಶಸ್ಸು ಸೊನ್ನೆಗೆ ಹತ್ತಿರ ಎಂದರು. ಇರಾಕ್ ಮಾರ್ಪಡಿಸಿದ್ದ ಸ್ಕಡ್‌ಗಳು ಇಳಿಯುವಾಗ ತಾವೇ ಒಡೆದು ಚೂರಾಗುತ್ತಿದ್ದವು. ಪೇಟ್ರಿಯಟ್ ಪಕ್ಕದಲ್ಲಿ ಸಿಡಿದರೂ ಸಿಡಿತಲೆ ಕೆಳಗೆ ಬೀಳಬಹುದಿತ್ತು. 1992ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರು ಕಡತ ಜಾಲಾಡಿದಾಗ, ಸಿಡಿತಲೆ ನಾಶವಾದದ್ದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು ಸುಮಾರು ಶೇ 9ರಷ್ಟು ಮುಖಾಮುಖಿಗಳಲ್ಲಿ. ಉಳಿದ ಶೇ 91 ವಿಫಲವಾದವು ಎಂದು ಅವರೂ ಹೇಳಲಿಲ್ಲ. ಏಕೆಂದರೆ ಅಳೆಯುವ ಉಪಕರಣಗಳನ್ನೇ ಯುದ್ಧಭೂಮಿಯಲ್ಲಿ ಸರಿಯಾಗಿ ಇಟ್ಟಿರಲಿಲ್ಲ.