ವಿದ್ಯುತ್ ಕಾರಿನಲ್ಲಿ ಎಂಟುನೂರು ವೋಲ್ಟು

ವಿದ್ಯುತ್ತಿನಿಂದ ಓಡುವ ಕಾರುಗಳ ಜಾಹೀರಾತುಗಳಲ್ಲಿ ಈಚೆಗೆ ‘800 ವೋಲ್ಟ್’ ಎಂಬ ಮಾತು ದಪ್ಪಕ್ಷರಗಳಲ್ಲಿ ಕಾಣುತ್ತಿದೆ. ವೋಲ್ಟು ಹೆಚ್ಚಿದಷ್ಟೂ ಕಾರಿನ ಬಲ ಹೆಚ್ಚೆಂದು ನಮ್ಮಲ್ಲಿ ಅನೇಕರ ನಂಬಿಕೆ. ನಿಜವಾಗಿ ನೋಡಿದರೆ ವೋಲ್ಟನ್ನು ಏರಿಸುವುದು ಮುಖ್ಯವಾಗಿ ತಂತಿ ಕಾಯದಿರಲೆಂದು.

ವಿಜ್ಞಾನದ ವಿದ್ಯಾರ್ಥಿಯಲ್ಲದ ನಾನು ಇದನ್ನು ಹೇಳಹೊರಟುದಕ್ಕೆ ಕಾರಣವುಂಟು. ನಮ್ಮ ಹೊಲದ ಪಂಪ್‌ಸೆಟ್ಟು ಈ ಪಾಠವನ್ನು ಮೊದಲೇ ಕಲಿಸಿತ್ತು. ವೋಲ್ಟೇಜು ಇಳಿದ ರಾತ್ರಿಗಳಲ್ಲಿ ಮೋಟಾರು ನೀರೆತ್ತಲು ಹೆಚ್ಚು ಕರೆಂಟು ಎಳೆಯುತ್ತದೆ. ವೈಂಡಿಂಗು ಕಾದು ಸುಟ್ಟುಹೋಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಂದೆಯವರು ಮೋಟಾರಿನ ಮೇಲೆ ಕೈಯಿಟ್ಟೇ ಇದನ್ನು ಹೇಳಬಲ್ಲರು. ಒಂದೇ ಬೇಸಗೆಯಲ್ಲಿ ಎರಡು ಸಲ ವೈಂಡಿಂಗ್ ಕಟ್ಟಿಸಿದ ಹಣದಲ್ಲಿ ನನ್ನ ಒಂದು ವರ್ಷದ ಫೀಜು ತೀರುತ್ತಿತ್ತು.

ಪುಸ್ತಕದ ಲೆಕ್ಕವೂ ಇದನ್ನೇ ಹೇಳುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು. ಚಾರ್ಜು ಮಾಡುವಾಗ 200 ಕಿಲೋವ್ಯಾಟ್ ಹರಿಯಬೇಕಾದರೆ 400 ವೋಲ್ಟಿನಲ್ಲಿ 500 ಆಂಪಿಯರು ಬೇಕು. 800 ವೋಲ್ಟಿನಲ್ಲಿ 250 ಸಾಕು. ತಂತಿಯ ಕಾವು ಕರೆಂಟಿನ ವರ್ಗವನ್ನು ಅನುಸರಿಸಿ ಏರುವುದರಿಂದ, ಕರೆಂಟು ಅರ್ಧವಾದರೆ ಅದೇ ತಂತಿಯಲ್ಲಿ ಕಾವು ಕಾಲುಭಾಗಕ್ಕಿಳಿಯುತ್ತದೆ. ಇಲ್ಲವೆ, ತೆಳುವಾದ ತಂತಿ ಹಾಕಿ ತಾಮ್ರವನ್ನೂ ಭಾರವನ್ನೂ ಉಳಿಸಬಹುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಸಾವಿರಾರು ವೋಲ್ಟಿನಲ್ಲಿ ಕಳುಹಿಸಿದುದೂ ಇದೇ ನ್ಯಾಯದಿಂದ.

ಕಾರಿನಲ್ಲಿ ಅಷ್ಟು ವೋಲ್ಟು ಬರುವುದೆಲ್ಲಿಂದ? ಟಾರ್ಚಿನಲ್ಲಿ ಸೆಲ್ಲುಗಳನ್ನು ಒಂದರ ಹಿಂದೊಂದು ಇಡುವಂತೆಯೇ. ಲಿಥಿಯಂ ಸೆಲ್ಲೊಂದು ಕೊಡುವುದು ಮೂರೂವರೆ ವೋಲ್ಟಿಗಿಂತ ತುಸು ಹೆಚ್ಚು. 2019ರಲ್ಲಿ ಹೊರಬಂದ ಜರ್ಮನಿಯ ಪೋರ್ಷೆ ಟೈಕಾನ್ ಕಾರಿನ ದೊಡ್ಡ ಬ್ಯಾಟರಿಯಲ್ಲಿ 396 ಸೆಲ್ಲುಗಳಿದ್ದವು. ಎರಡೆರಡು ಜೋಡಿಯಾಗಿ 198ರ ಸಾಲು. ಅದರ ಲೆಕ್ಕದ ವೋಲ್ಟು 723. ಎಂಟುನೂರೆಂಬುದು ವ್ಯಾಪಾರದ ದುಂಡು ಸಂಖ್ಯೆ! ಆದರೂ ಅದು 270 ಕಿಲೋವ್ಯಾಟ್‌ವರೆಗೆ ಚಾರ್ಜು ಪಡೆದು, ತಕ್ಕ ಚಾರ್ಜರು ಸಿಕ್ಕರೆ ಶೇಕಡಾ 5ರಿಂದ 80ಕ್ಕೆ ಇಪ್ಪತ್ತೆರಡೂವರೆ ನಿಮಿಷದಲ್ಲಿ ಏರುತ್ತಿತ್ತು.

‘ತಕ್ಕ ಚಾರ್ಜರು’ ಎಂಬಲ್ಲೇ ತೊಡಕು. 400 ವೋಲ್ಟಿನ ಚಾರ್ಜರಿಗೆ ಇಂಥ ಬ್ಯಾಟರಿಯನ್ನು ನೇರವಾಗಿ ತುಂಬುವ ಶಕ್ತಿಯಿಲ್ಲ. 2021ರ ಹ್ಯೂಂಡೈ ಅಯಾನಿಕ್ 5 ಇದಕ್ಕೊಂದು ಜಾಣ ಉಪಾಯ ಮಾಡಿತು: ನಿಂತ ಕಾರಿನಲ್ಲಿ ಸುಮ್ಮನಿರುವ ಮೋಟಾರಿನ ವೈಂಡಿಂಗನ್ನೂ ಇನ್ವರ್ಟರನ್ನೂ ಬಳಸಿ ಬಂದ ವೋಲ್ಟನ್ನು ತಾನೇ ಏರಿಸಿಕೊಳ್ಳುತ್ತದೆ. ನನಗಂತೂ ಈ ವಿಷಯದಲ್ಲಿ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಇದು.

ಅಪಾಯದ ಮಾತನ್ನೂ ಹೇಳಬೇಕು. ನಾನೂರು ವೋಲ್ಟೇ ಪ್ರಾಣ ತೆಗೆಯಬಲ್ಲದು. ಆದುದರಿಂದ ಈ ತಂತಿಗಳ ಹೊದಿಕೆಗೆ ಕಿತ್ತಳೆ ಬಣ್ಣ. ಕಾರಿನ ಲೋಹದ ಮೈಗೆ ಅವುಗಳ ಸಂಪರ್ಕವೇ ಇರದು. ದೀಪ, ಹಾರನ್ನುಗಳಿಗೆ ಸಾಮಾನ್ಯವಾಗಿ ಬೇರೆಯೇ 12 ವೋಲ್ಟಿನ ಬ್ಯಾಟರಿಯುಂಟು. ಕಾರನ್ನು ಆಫ್ ಮಾಡಿದ ಮೇಲೂ ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರಬಹುದು. ತರಬೇತಿ ಪಡೆದ ಮೆಕ್ಯಾನಿಕ್ಕು ಕೂಡ ಕಾದು, ಮೀಟರು ಹಿಡಿದು ನೋಡಿ, ಅನಂತರವೇ ಕೈ ಹಾಕುತ್ತಾನೆ.