ತೀನೀರಿನ ಹಂಡೆ

ದ್ರವವನ್ನು ಕುದಿಸಿ, ಮೇಲೇಳುವ ಆವಿಯನ್ನು ಕೊಳವೆಯಲ್ಲಿ ಹಾಯಿಸಿ, ತಂಪು ತಗುಲಿಸಿ ಮತ್ತೆ ಹನಿಯಾಗಿಸಿ ಹಿಡಿಯುವ ಕ್ರಿಯೆಯನ್ನು ಕನ್ನಡದಲ್ಲಿ ಬಟ್ಟಿ ಇಳಿಸುವುದು ಎನ್ನುತ್ತಾರೆ. ಕಳ್ಳಬಟ್ಟಿ ಎಂಬ ಪದದ ದೆಸೆಯಿಂದ ಈ ಮಾತಿಗೆ ಸಾರಾಯಿಯ ವಾಸನೆ ಅಂಟಿಕೊಂಡಿದ್ದರೂ, ಮದುವೆಮನೆಯ ಬಾಗಿಲಲ್ಲಿ ಚಿಮುಕಿಸುವ ಪನ್ನೀರು, ಹೊಟ್ಟೆಯುಬ್ಬರಕ್ಕೆ ಮನೆಮನೆಯಲ್ಲಿ ಬಳಸುವ ಓಮದ ನೀರು, 1916ರಿಂದ ಮೈಸೂರಿನ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂದ ಗಂಧದೆಣ್ಣೆ, ಇವೆಲ್ಲವೂ ಅದೇ ಬಗೆಯ ಹಂಡೆಯಿಂದ ಇಳಿದವು. ಔಷಧಕ್ಕಾಗಿ ಬಟ್ಟಿ ಇಳಿಸುವ ಈ ವಿದ್ಯೆಗೆ ಸಿದ್ಧ, ಆಯುರ್ವೇದ, ಯುನಾನಿ ಎಂಬ ಮೂರು ವೈದ್ಯಪದ್ಧತಿಗಳ ನೆಲೆ ಒಂದೇ ಊರಿನಲ್ಲಿ ದೊರೆತಿರುವುದು ಚೆನ್ನೈನಲ್ಲಿ. ಅಲ್ಲಿ ಈ ವಿದ್ಯೆಯನ್ನು ತಿಳಿಯಬಯಸುವವರು ಮದ್ದಿಗಿಂತ ಮೊದಲು ಪಾತ್ರೆಯನ್ನು ನೋಡಬೇಕು, ಏಕೆಂದರೆ ಬಟ್ಟಿಯ ನೀರಿನ ಗುಣದಲ್ಲಿ ಗಿಡಮೂಲಿಕೆಯ ಪಾಲು ಎಷ್ಟೋ ಪಾತ್ರೆಯ ಪಾಲೂ ಅಷ್ಟೇ ಇದೆ.

ಇಳಿದ ನೀರಿಗೆ ಆಯುರ್ವೇದದಲ್ಲಿ ಅರ್ಕವೆಂದೂ, ಯುನಾನಿಯಲ್ಲಿ ಅರಕ್ ಎಂದೂ, ಸಿದ್ಧ ವೈದ್ಯದಲ್ಲಿ ತೀನೀರ್ ಎಂದೂ ಹೆಸರು. ಅರಬ್ಬಿಯಲ್ಲಿ ಅರಕ್ ಎಂದರೆ ಬೆವರು. ಕುದಿಯುವ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಕೂಡುವ ಹನಿಗಳನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಸ್ಕೃತದಲ್ಲಿ ಅರ್ಕ ಎಂಬುದು ಸೂರ್ಯನಿಗೂ ಎಕ್ಕದ ಗಿಡಕ್ಕೂ ಇರುವ ಹಳೆಯ ಹೆಸರಾಗಿದ್ದು, ಬಟ್ಟಿಯ ನೀರು ಎಂಬ ಅರ್ಥ ಅದಕ್ಕೆ ಅರಬ್ಬಿಯ ಸಂಪರ್ಕದಿಂದ ಬಂದಿರಬೇಕು. ರಾವಣನು ಮಂಡೋದರಿಗೆ ಹೇಳಿದನೆಂಬ ಚೌಕಟ್ಟಿನಲ್ಲಿರುವ ಅರ್ಕಪ್ರಕಾಶವೆಂಬ ಗ್ರಂಥವು ಈ ವಿಷಯಕ್ಕೇ ಮೀಸಲಾಗಿದೆ; ಪೋರ್ಚುಗೀಸರು ಬಂದ ಮೇಲೆ ಈ ದೇಶದಲ್ಲಿ ಕಾಣಿಸಿಕೊಂಡ ಫಿರಂಗ ರೋಗದ ಪ್ರಸ್ತಾಪ ಅದರಲ್ಲಿ ಬರುವುದರಿಂದ ಈಗಿರುವ ರೂಪದಲ್ಲಿ ಅದು ತೀರ ಹಳೆಯದಲ್ಲವೆಂದು ವಿದ್ವಾಂಸರು ಗುರುತಿಸಿದ್ದಾರೆ. ತಮಿಳಿನ ತೀನೀರ್ ಎಂಬ ಪದ ಮಾತ್ರ ನೆರೆಯ ಕನ್ನಡಿಗರಿಗೂ ಒಡನೆ ಅರ್ಥವಾಗುವಂಥದು: ತೀ ಎಂದರೆ ಬೆಂಕಿ, ಬೆಂಕಿಯಿಂದ ಹುಟ್ಟಿದ ನೀರು. ಅದನ್ನು ಇಳಿಸುವ ಸಲಕರಣೆಗೆ ಸಿದ್ಧರ ಪರಿಭಾಷೆಯಲ್ಲಿ ವಾಲೈ ಎನ್ನುತ್ತಾರೆ.

ಈ ಮೂರು ಪದ್ಧತಿಗಳು ಆಗ ಮದರಾಸು ಎನಿಸಿಕೊಂಡಿದ್ದ ಚೆನ್ನೈನಲ್ಲಿ ಒಂದೇ ಸೂರಿನಡಿ ಬಂದುದಕ್ಕೆ ಒಂದು ಇತಿಹಾಸವಿದೆ. ದೇಶೀಯ ವೈದ್ಯಪದ್ಧತಿಗಳ ಸ್ಥಿತಿಗತಿಯನ್ನು ಪರಿಶೀಲಿಸಲು ಮದರಾಸು ಸರ್ಕಾರವು 1921ರಲ್ಲಿ ಮುಹಮ್ಮದ್ ಉಸ್ಮಾನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದರ ಕಾರ್ಯದರ್ಶಿಯಾಗಿದ್ದವರು ಪಾಶ್ಚಾತ್ಯ ವೈದ್ಯದಲ್ಲಿ ಪದವಿ ಪಡೆದಿದ್ದರೂ ದೇಶೀಯ ವೈದ್ಯದ ಪರ ನಿಂತ ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ. ಸಮಿತಿಯ ವರದಿ 1923ರಲ್ಲಿ ಹೊರಬಂದು, 1925ರಲ್ಲಿ ಆರಂಭವಾದ ಭಾರತೀಯ ವೈದ್ಯ ಶಾಲೆಯಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಮೂರನ್ನೂ ಕಲಿಸಲಾಯಿತು. ಕಲಿತ ವೈದ್ಯರಿಗೆ ನಂಬಬಹುದಾದ ಮದ್ದು ಸಿಗಬೇಕೆಂಬ ಅಗತ್ಯದಿಂದ 1944ರಲ್ಲಿ ವೈದ್ಯರೇ ಸದಸ್ಯರಾದ ಸಹಕಾರಿ ಔಷಧಾಲಯ ಸ್ಥಾಪನೆಯಾಯಿತು. ಇಂಪ್ಕಾಪ್ಸ್ ಎಂಬ ಚಿಕ್ಕ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಸಂಸ್ಥೆ ತಿರುವಾನ್ಮಿಯೂರಿನಲ್ಲಿದೆ. 2005ರಲ್ಲಿ ತಾಂಬರಂನಲ್ಲಿ ರಾಷ್ಟ್ರೀಯ ಸಿದ್ಧ ಸಂಸ್ಥೆ ಉದ್ಘಾಟನೆಗೊಂಡಿತು. ದೇಶೀಯ ಔಷಧ ತಯಾರಿಕೆಗೆ ಕೇಂದ್ರ ಸರ್ಕಾರ ವಿಧಿಸಿರುವ, ಶೆಡ್ಯೂಲ್ ಟಿ ಎಂದು ಕರೆಯುವ ನಿಯಮಾವಳಿಯು ಅರ್ಕ ಮತ್ತು ತೀನೀರುಗಳನ್ನು ಒಟ್ಟಿಗೆ ಹೆಸರಿಸಿ, ಮೂಲಿಕೆಯನ್ನು ನೆನೆಹಾಕುವ ತೊಟ್ಟಿಯೂ ಬಟ್ಟಿಯ ಯಂತ್ರವೂ ಅವುಗಳ ತಯಾರಿಕೆಗೆ ಇರಬೇಕೆಂದು ಹೇಳುತ್ತದೆ.

ಹಳೆಯ ರಸಶಾಸ್ತ್ರ ಗ್ರಂಥಗಳಲ್ಲಿ ಬರುವ ತಿರ್ಯಕ್ಪಾತನ ಯಂತ್ರವು ಈ ಸಲಕರಣೆಯ ಸರಳ ರೂಪ. ಒಲೆಯ ಮೇಲೊಂದು ಮಡಕೆ, ತಣ್ಣೀರಿನಲ್ಲಿ ಮತ್ತೊಂದು ಮಡಕೆ, ಎರಡನ್ನೂ ಕೂಡಿಸುವ ಓರೆಯಾದ ನಳಿಗೆ, ಕೂಡುವಲ್ಲಿ ಮಣ್ಣು ಮೆತ್ತಿದ ಬಟ್ಟೆಯ ಸುತ್ತು. ಈ ಸುತ್ತುವಿಕೆಗೆ ಸಂಧಿಬಂಧನವೆಂದು ಹೆಸರು. ಅದು ಮುಖ್ಯವಾಗಿ ಪಾದರಸದ ಶುದ್ಧೀಕರಣಕ್ಕೆ ಬಳಕೆಯಾಗುತ್ತಿದ್ದರೂ ಕನೌಜಿನ ಅತ್ತರಿನವರು ಇಂದಿಗೂ ಬಳಸುವ ಡೇಗ್ ಮತ್ತು ಭಪ್ಕಾಗಳಲ್ಲಿ, ಅಂದರೆ ತಾಮ್ರದ ಹಂಡೆ ಮತ್ತು ನೀರಿನಲ್ಲಿ ಮುಳುಗಿಸಿದ ತಾಮ್ರದ ಹೂಜಿಯಲ್ಲಿ, ಅದೇ ವಿನ್ಯಾಸ ಕಾಣುತ್ತದೆ. ತಾಮ್ರದಲ್ಲಿ ಉಷ್ಣ ಸಲೀಸಾಗಿ ಹರಡುವುದರಿಂದ ಹಂಡೆಯ ತಳದಲ್ಲಿ ಮೂಲಿಕೆ ಸೀಯುವ ಭಯ ಕಡಿಮೆ. ಆದರೆ ಹುಳಿಯ ಅಂಶ ತಗುಲಿದರೆ ತಾಮ್ರ ಕಿಲುಬುಗಟ್ಟಿ ಮದ್ದಿನೊಳಗೆ ಇಳಿಯುವುದರಿಂದ ಒಳಮೈಗೆ ಆಗಾಗ ತವರದ ಕಲಾಯಿ ಹಾಕಿಸಲೇಬೇಕು. ಕಲಾಯಿ ಹಾಕುವ ಕೈಗಳು ಊರೂರಿನಲ್ಲಿ ಕಡಿಮೆಯಾದುದು ತಾಮ್ರದ ಹಂಡೆ ಮೂಲೆ ಸೇರಲು ಒಂದು ಕಾರಣವೆಂದು ಹೇಳಬಹುದು.

ಆ ಜಾಗಕ್ಕೆ ಬಂದದ್ದು ತಮಿಳರು ಎವರ್‌ಸಿಲ್ವರ್ ಎಂದು ಕರೆಯುವ ಸ್ಟೇನ್‌ಲೆಸ್ ಉಕ್ಕು. ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ ಮತ್ತು 8 ಪಾಲು ನಿಕಲ್ ಬೆರೆತ, 304 ಎಂಬ ಸಂಖ್ಯೆಯಿಂದ ಗುರುತಿಸುವ ದರ್ಜೆಯ ಉಕ್ಕೇ ಅಡುಗೆಪಾತ್ರೆಗೂ ಹಾಲಿನ ಕ್ಯಾನಿಗೂ ಬಿಯರ್ ತುಂಬುವ ಪೀಪಾಯಿಗೂ ಸಾಮಾನ್ಯವಾಗಿ ಬಳಕೆಯಾಗುತ್ತದೆ. ಕೆಗ್ ಎಂದು ಕರೆಯುವ 50 ಲೀಟರಿನ ಬಿಯರ್ ಪೀಪಾಯಿಯ ನಡುವಿನ ಕೊಳವೆಯನ್ನು ಒಳಗಿನ ಒತ್ತಡ ಇಳಿಸಿದ ಮೇಲೆ ಕಳಚಿ, ಉಳಿಯುವ ಸುಮಾರು ಎರಡು ಅಂಗುಲದ ಬಾಯಿಗೆ ಆವಿಯ ಕೊಳವೆಯನ್ನು ಬಿಗಿದು ಬಟ್ಟಿಯ ಹಂಡೆ ಮಾಡಿಕೊಳ್ಳುವ ರೂಢಿ ಹೊರದೇಶಗಳ ಹವ್ಯಾಸಿಗಳಲ್ಲಿದೆ. ಸ್ವಂತ ಬಳಕೆಗೆ ಮದ್ಯ ಇಳಿಸುವುದನ್ನು 1996ರಲ್ಲಿ ಕಾನೂನುಬದ್ಧಗೊಳಿಸಿದ ನ್ಯೂಜಿಲೆಂಡಿನಲ್ಲಿ ಅದು ಬಹಿರಂಗವಾದ ಹವ್ಯಾಸ. ಆದರೆ ಬರಿಯ ದ್ರವಕ್ಕೆ ಸಾಕಾಗುವ ಆ ಸಣ್ಣ ಬಾಯಿ ಅರ್ಕಕ್ಕೆ ಸಾಲದು. ಬೀಜ, ಹೂ, ತೊಗಟೆಗಳನ್ನು ತುಂಬಲು, ಬೆಂದ ಚರಟವನ್ನು ಬಳಿದು ತೆಗೆಯಲು, ಒಳಗೆ ಕೈಯಿಟ್ಟು ಉಜ್ಜಲು ಅಗಲವಾದ ಬಾಯಿ ಬೇಕು. ಆದ್ದರಿಂದ ಪೀಪಾಯಿಯ ತಲೆಯನ್ನೇ ಕತ್ತರಿಸಿ ಬಿಗಿಪಟ್ಟಿಯ ಮುಚ್ಚಳ ಕೂರಿಸಬೇಕಾಗುತ್ತದೆ, ಇಲ್ಲವೇ ಮೊದಲೇ ಅಗಲ ಬಾಯಿಯಿರುವ ಉಕ್ಕಿನ ಹಾಲಿನ ಕ್ಯಾನನ್ನು ಆರಿಸಿಕೊಳ್ಳಬೇಕಾಗುತ್ತದೆ, ಮತ್ತು ಭಾರತದ ಮಟ್ಟಿಗೆ ಎರಡನೆಯದೇ ಮೇಲು.

ಉಕ್ಕಿಗೆ ತಾಮ್ರದ ಒಂದು ಗುಣವಿಲ್ಲ. ತಾಮ್ರಕ್ಕೆ ಹೋಲಿಸಿದರೆ ಅದರ ಉಷ್ಣವಾಹಕತೆ ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಿಮೆಯಾಗಿರುವುದರಿಂದ ಉರಿ ತಾಗಿದ ಜಾಗವಷ್ಟೇ ಸುಡುತ್ತದೆ, ಅಲ್ಲಿ ಕುಳಿತ ಮೂಲಿಕೆ ಸೀದು ಇಡೀ ಅರ್ಕಕ್ಕೆ ಕಮಟು ಹತ್ತುತ್ತದೆ. ಇದಕ್ಕೆ ಪರಿಹಾರವನ್ನು ದಕ್ಷಿಣದ ಅಡುಗೆಮನೆ ಬಹಳ ಹಿಂದೆಯೇ ಕಂಡುಕೊಂಡಿದೆ. ಇಡ್ಲಿಯ ಪಾತ್ರೆಯಲ್ಲಿ ತಟ್ಟೆಯು ನೀರಿನಿಂದ ಮೇಲಿರುವಂತೆಯೇ ಹಂಡೆಯೊಳಗೆ ತೂತಿನ ತಟ್ಟೆಯಿಟ್ಟು ಮೂಲಿಕೆಯನ್ನು ತಳದಿಂದ ಎತ್ತರಿಸಿದರೆ ಹಬೆ ಮಾತ್ರ ಅದರ ಮೂಲಕ ಹಾದು ಹೋಗುತ್ತದೆ. ಬೆಸುಗೆಯ ವಿಷಯದಲ್ಲಿಯೂ ಎಚ್ಚರ ಬೇಕು: ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಒಳಹೊರಗೆರಡೂ ಕಡೆ ಮಾಡದ ಬೆಸುಗೆ ಒಳಮೈಯಲ್ಲಿ ಸಕ್ಕರೆಯಂತೆ ಹರಳುಗಟ್ಟಿ, ಆ ಒರಟಿನಲ್ಲಿ ಹಿಂದಿನ ಮದ್ದಿನ ಶೇಷ ಕೂತು, ಕಾಲಕ್ರಮದಲ್ಲಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಹಂಡೆಯನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು, ಹಂಡೆಯಿಂದ ಸಂಗ್ರಹ ಪಾತ್ರೆಯವರೆಗಿನ ದಾರಿಯಲ್ಲಿ ಎಲ್ಲಿಯೂ ಅದನ್ನು ಮುಚ್ಚಬಲ್ಲ ತಿರುಪು ಇರಬಾರದು. ಒಂದು ಲೀಟರ್ ನೀರು ಆವಿಯಾದಾಗ ಸುಮಾರು 1,670 ಲೀಟರ್ ಜಾಗವನ್ನು ಆಕ್ರಮಿಸುವುದರಿಂದ, ಉಕ್ಕಿ ಬಂದ ನೊರೆಯಿಂದಲೋ ಸಿಕ್ಕಿಕೊಂಡ ಎಲೆಯಿಂದಲೋ ಕೊಳವೆ ಕಟ್ಟಿದರೆ ಉಕ್ಕಿನ ಹಂಡೆ ಸಿಡಿಗುಂಡಾಗಬಲ್ಲದು. ಹಳಬರು ಸಂದುಗಳಿಗೆ ಮೆತ್ತುತ್ತಿದ್ದ ಹಿಟ್ಟಿನ ಕಣಕದ ಹಿರಿಮೆ ಇರುವುದು ಇಲ್ಲಿಯೇ. ಸೋರದಂತೆ ತಡೆಯುವಷ್ಟು ಗಟ್ಟಿಯಾಗಿಯೂ ಒತ್ತಡ ಹೆಚ್ಚಿದರೆ ಬಿರಿಯುವಷ್ಟು ಮೆದುವಾಗಿಯೂ ಇರುವ ಅದು ಮುದ್ರೆಯೂ ಹೌದು, ರಕ್ಷಾಕವಾಟವೂ ಹೌದು. ಅದರ ಬದಲು ರಬ್ಬರಿನ ಬಳೆಯನ್ನೂ ಉಕ್ಕಿನ ಬಿಗಿಪಟ್ಟಿಯನ್ನೂ ತಂದವರು ಒತ್ತಡ ಹೊರಹೋಗುವ ದಾರಿಯನ್ನು ಪ್ರತ್ಯೇಕವಾಗಿ ಕಲ್ಪಿಸಬೇಕಾಯಿತು.

ಚೆನ್ನೈನಲ್ಲಿ ಬೆಂಕಿಗಿಂತ ನೀರೇ ದೊಡ್ಡ ಚಿಂತೆ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಗೆ ತರಲು ಸುಮಾರು 293 ಕಿಲೋಜೂಲ್ ಶಕ್ತಿ ಸಾಕಾದರೆ, ಕುದಿಯುವ ಅದೇ ನೀರನ್ನು ಆವಿಯಾಗಿಸಲು 2,257 ಕಿಲೋಜೂಲ್ ಬೇಕು. ಎರಡು ಕಿಲೋವ್ಯಾಟಿನ ಹೀಟರಿಗೆ ಅದು ಹತ್ತೊಂಬತ್ತು ನಿಮಿಷದ ಕೆಲಸ. ಸುಪ್ತೋಷ್ಣವೆಂದು ಕರೆಯುವ ಈ ಶಕ್ತಿಯೆಲ್ಲವನ್ನೂ ಆವಿಯು ಮತ್ತೆ ನೀರಾಗುವಾಗ ತಂಪುಗೊಳವೆಯ ಸುತ್ತಲಿನ ನೀರು ಹೊತ್ತೊಯ್ಯಬೇಕು. ಆ ನೀರು 30 ಡಿಗ್ರಿಯಲ್ಲಿ ಒಳಬಂದು 50 ಡಿಗ್ರಿಯಲ್ಲಿ ಹೊರಹೋಗುತ್ತದೆಂದು ಲೆಕ್ಕ ಹಾಕಿದರೆ ಒಂದು ಲೀಟರ್ ಅರ್ಕಕ್ಕೆ 27 ಲೀಟರ್ ತಣ್ಣೀರು ಬೇಕಾಗುತ್ತದೆ. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು 2019ರ ಜೂನ್ ತಿಂಗಳಲ್ಲಿ ಬಹುಮಟ್ಟಿಗೆ ಬತ್ತಿ, ಲಾರಿಯ ನೀರಿಗೆ ಕೊಡಗಳ ಸಾಲು ನಿಂತ ಊರಿನಲ್ಲಿ ಈ ಲೆಕ್ಕ ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ. ತಂಪುನೀರನ್ನು ಚರಂಡಿಗೆ ಬಿಡದೆ ತೊಟ್ಟಿಯೊಂದರಲ್ಲಿ ಆರಿಸಿ ಮತ್ತೆ ಮತ್ತೆ ತಿರುಗಿಸುವುದೊಂದೇ ಇಲ್ಲಿ ಸಲ್ಲುವ ಕ್ರಮ. ಕಡಲ ಬದಿಯ ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಇನ್ನೊಂದು ತೊಡಕು ಹುಟ್ಟುತ್ತದೆ: 304 ದರ್ಜೆಯ ಉಕ್ಕಿಗೆ ಉಪ್ಪಿನ ಕ್ಲೋರೈಡ್ ಆಗದು, ಸೂಜಿಯ ಮೊನೆಯಷ್ಟು ಗುಳಿಗಳು ಬಿದ್ದು ಹಂಡೆ ಸೋರತೊಡಗುತ್ತದೆ. ಎರಡು ಮೂರು ಪಾಲು ಮಾಲಿಬ್ಡಿನಂ ಸೇರಿದ 316ರ ದರ್ಜೆ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆಯಾದರೂ ಅದರ ಬೆಲೆ ಹೆಚ್ಚು.

ಇದೇ ತತ್ತ್ವವನ್ನು ಕಡಲಿನಷ್ಟು ದೊಡ್ಡದು ಮಾಡಿ ತೋರಿಸಿದ ಸಂಸ್ಥೆಯೂ ಚೆನ್ನೈನಲ್ಲಿಯೇ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಪಳ್ಳಿಕರಣೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಲಕ್ಷದ್ವೀಪದ ಕವರತ್ತಿಯಲ್ಲಿ ಸ್ಥಾಪಿಸಿದ ಘಟಕವು ಒಲೆಯನ್ನೇ ಹೊತ್ತಿಸದೆ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಇಳಿಸುವಂತೆ ರೂಪುಗೊಂಡಿತ್ತು. ಗಾಳಿಯನ್ನು ಹೀರಿ ತೆಗೆದ ಕೋಣೆಯಲ್ಲಿ ಒತ್ತಡ ತೀರ ಕಡಿಮೆಯಿರುವುದರಿಂದ ಕಡಲ ಮೇಲ್ಪದರದ ಬೆಚ್ಚನೆಯ ನೀರು ತಾನಾಗಿ ಆವಿಯಾಗುತ್ತದೆ, ಆ ಆವಿಯನ್ನು ಆಳದಿಂದ ಎತ್ತಿದ ತಣ್ಣೀರು ಹನಿಯಾಗಿಸುತ್ತದೆ. ಕವರತ್ತಿಯ ಜನ ಕುಡಿದದ್ದು ತೀ ಇಲ್ಲದ ತೀನೀರು.

ಮತ್ತೆ ಮದ್ದಿನ ಹಂಡೆಗೆ ಬಂದರೆ, ಓಮದ ತೀನೀರು ಈ ವಿದ್ಯೆಯ ಅತ್ಯುತ್ತಮ ಉದಾಹರಣೆ. ಓಮಕ್ಕೆ ಅದರ ಘಾಟನ್ನು ಕೊಡುವ ಥೈಮಾಲ್ ಎಂಬ ದ್ರವ್ಯ ತಾನೊಂದೇ ಇದ್ದರೆ ಕುದಿಯುವುದು 232 ಡಿಗ್ರಿಯಲ್ಲಿ; ಆದರೂ ಅದು ನೂರು ಡಿಗ್ರಿ ಮುಟ್ಟದ ಹಬೆಯೊಡನೆ ಹೊರಬರುತ್ತದೆ. ಒಂದರಲ್ಲೊಂದು ಬೆರೆಯದ ನೀರು ಮತ್ತು ಎಣ್ಣೆಗಳು ಒಟ್ಟಿಗಿದ್ದಾಗ ಎರಡರ ಆವಿಯೊತ್ತಡಗಳ ಮೊತ್ತವು ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾದೊಡನೆ ಮಿಶ್ರಣ ಕುದಿಯತೊಡಗುವುದೇ ಇದಕ್ಕೆ ಕಾರಣ. ಒಂದು ಕಿಲೋ ಓಮದಲ್ಲಿ ಸುಮಾರು 20ರಿಂದ 40 ಗ್ರಾಂ ಸುಗಂಧತೈಲವಿದ್ದು, ಒಂದು ಲೀಟರ್ ನೀರು ಕರಗಿಸಿಕೊಳ್ಳಬಲ್ಲ ಥೈಮಾಲ್ ಒಂದು ಗ್ರಾಮಿನ ಆಸುಪಾಸು ಮಾತ್ರ. ಉಳಿದದ್ದು ನೀರಿನ ಮೇಲೆ ತೆಳುವಾಗಿ ತೇಲುತ್ತದೆ, ಇಲ್ಲವೇ ಅರ್ಕವನ್ನು ಮಸುಕಾಗಿಸುತ್ತದೆ. ಈ ಮಸುಕು ದೋಷವಲ್ಲ, ಅರ್ಕದ ಲಕ್ಷಣವೆಂದೇ ಗಣನೆಯಲ್ಲಿದೆ.

ಭಾರತ ಸರ್ಕಾರದ ಆಯುರ್ವೇದ ಔಷಧ ಸಂಹಿತೆಯಂತೆ ಮೂಲಿಕೆಯನ್ನು ತರಿಯಾಗಿ ಕುಟ್ಟಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬೆಳಗ್ಗೆ ಉಳಿದ ನೀರು ಸೇರಿಸಿ ಕುದಿಸಬೇಕು; ಮೊದಲು ಇಳಿಯುವುದು ಬರಿಯ ನೀರಾಗಿರಬಹುದಾದ್ದರಿಂದ ಅದನ್ನೂ ಸತ್ವ ತೀರಿದ ಕೊನೆಯ ಪಾಲನ್ನೂ ಬಿಟ್ಟು ನಡುವಿನದನ್ನು ಒಂದುಗೂಡಿಸಬೇಕು. ಮದ್ಯ ಇಳಿಸುವವರೂ ಮೊದಲ ಪಾಲನ್ನು ಚೆಲ್ಲುತ್ತಾರೆ. ಅವರ ಕಾರಣ ಬೇರೆ, ಬೇಗ ಆವಿಯಾಗುವ ಅಸಿಟಾಲ್ಡಿಹೈಡಿನಂಥ ಅನಿಷ್ಟ ದ್ರವ್ಯಗಳು ಅದರಲ್ಲಿ ಮೊದಲು ಬರುತ್ತವೆ. ಓಮದಂತೆ ತೈಲ ಹೇರಳವಾಗಿರುವ ಬೀಜಗಳಲ್ಲಿ ಘಮ ಬೇಗನೆ ಕಾಣಿಸಿಕೊಳ್ಳುವುದರಿಂದ, ಎಷ್ಟನ್ನು ಬಿಡಬೇಕೆಂಬುದನ್ನು ಅಳತೆಯ ಪಾತ್ರೆಗಿಂತ ಅನುಭವಿಯ ಮೂಗು ನಿರ್ಧರಿಸುವುದೇ ಸರಿ.

ಅರ್ಕವನ್ನು ಆಸವ, ಅರಿಷ್ಟಗಳೊಡನೆ ಗೊಂದಲ ಮಾಡಿಕೊಳ್ಳಬಾರದು. ಬೆಲ್ಲ ಹಾಕಿ ಹುದುಗಿಸಿದ ಆಸವಾರಿಷ್ಟಗಳಲ್ಲಿ ಮದ್ಯಸಾರ ತಾನಾಗಿ ಹುಟ್ಟುತ್ತದೆ. ಹುದುಗದ ಮೂಲಿಕೆಯಿಂದ ಇಳಿಸಿದ ಅರ್ಕದಲ್ಲಿ ಅದು ಹುಟ್ಟುವುದಿಲ್ಲ. ಹಂಡೆಯೊಂದೇ ಆದರೂ ಒಳಗೆ ಬಿದ್ದದ್ದು ಹುದುಗಿದ ಬೆಲ್ಲದ ಕೊಳೆಯಾಗಿದ್ದರೆ ತಮಿಳುನಾಡಿನ 1937ರ ಪಾನನಿಷೇಧ ಕಾಯ್ದೆಯಡಿ ಅದು ಅಪರಾಧದ ಸಾಧನ, ಮನೆಬಳಕೆಗೆ ಎಂಬ ನೆಪಕ್ಕೂ ಅಲ್ಲಿ ಎಡೆಯಿಲ್ಲ. ರಾಜಾಜಿಯವರ ಸರ್ಕಾರ ಆ ವರ್ಷದ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಜಾರಿಗೆ ತಂದ ಪಾನನಿಷೇಧಕ್ಕೆ ಬುನಾದಿಯಾದ ಕಾಯ್ದೆಯಿದು. ಮಾರಾಟಕ್ಕೆ ಅರ್ಕ ಇಳಿಸುವವರಿಗೂ ಔಷಧ ತಯಾರಿಕೆಯ ಪರವಾನಗಿ ಬೇಕು.

ಕೆಲಸ ಮುಗಿದ ಮೇಲೆ ಹಂಡೆಯನ್ನು ತೊಳೆದು, ಬರಿಯ ನೀರು ತುಂಬಿ ಒಮ್ಮೆ ಹಬೆಯಾಡಿಸಿದರೆ ಉಕ್ಕಿನ ಮೈ ಯಾವ ವಾಸನೆಯನ್ನೂ ಉಳಿಸಿಕೊಳ್ಳುವುದಿಲ್ಲ. ಉಳಿಸಿಕೊಳ್ಳುವುದು ಮುಚ್ಚಳದ ಕೆಳಗಿನ ಮೆದುವಾದ ಬಳೆ. ಓಮ ಇಳಿಸಿದ ಬಳೆಯನ್ನೇ ಗುಲಾಬಿಗೂ ಹಾಕಿದರೆ ಪನ್ನೀರಿನಲ್ಲಿ ಓಮ ಘಮಿಸುತ್ತದೆ, ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಆದುದರಿಂದ ಒಂದೊಂದು ಮೂಲಿಕೆಗೆ ಒಂದೊಂದು ಬಳೆಯನ್ನು ಹೆಸರು ಬರೆದು ಬೇರೆಬೇರೆಯಾಗಿ ತೂಗುಹಾಕಿಟ್ಟಿರಬೇಕು.